ಅಕ್ಷರ ಬಂತು, ಮಾತು ಬರಲಿಲ್ಲ: ಚೆರೋಕೀ ಕಲಿಯುವವರ ಮೊದಲ ತೊಡಕುಗಳು

ಪ್ರಶ್ನೆ: ನಾನು ಮೈಸೂರಿನವಳು, ಅಮೆರಿಕದ ಒಕ್ಲಹೋಮಾ ರಾಜ್ಯದ ಟಲ್ಸಾದಲ್ಲಿ ಫಿಸಿಯೋಥೆರಪಿಸ್ಟ್. ನಮ್ಮಲ್ಲಿಗೆ ಬರುವ ರೋಗಿಗಳಲ್ಲಿ ಚೆರೋಕೀ ಎಂಬ ಅಮೆರಿಕದ ಮೂಲನಿವಾಸಿ ಸಮುದಾಯದ ವಯಸ್ಸಾದವರೂ ಇದ್ದಾರೆ. ಟಾಲೆಕ್ವಾ ಊರಿಗೆ ಹೋದಾಗ ರಸ್ತೆ ಬೋರ್ಡುಗಳಲ್ಲಿ ಅವರ ಲಿಪಿ ನೋಡಿ ಆಸೆಯಾಗಿ, ಫ್ಲ್ಯಾಶ್ ಕಾರ್ಡ್ ಇಟ್ಟುಕೊಂಡು 85 ಅಕ್ಷರಗಳನ್ನೂ ಕಲಿತೆ. ಈಗ ಬೋರ್ಡು ಓದುತ್ತೇನೆ, ಅರ್ಥ ಒಂದೂ ಆಗುವುದಿಲ್ಲ. ಇಂಟರ್ನೆಟ್‌ನಲ್ಲಿ ಸಿಕ್ಕ ಎರಡು ಪದಪಟ್ಟಿಗಳು ಒಂದಕ್ಕೊಂದು ತಾಳೆಯಾಗುತ್ತಿಲ್ಲ. ಒಂದರಲ್ಲಿ ಧನ್ಯವಾದಕ್ಕೆ ‘ವದೊ’, ಇನ್ನೊಂದರಲ್ಲಿ ‘ಸ್ಗಿ’. ಮೊನ್ನೆ ಒಬ್ಬ ಅಜ್ಜಿ ಹೊರಡುವಾಗ, ಗೌರವಕ್ಕೆಂದು ಬಹುವಚನವನ್ನೇ ಆರಿಸಿ ‘ದೊದದಗೊಹಂಇ’ ಎಂದೆ. ಅವರು ಹಿಂದೆ ತಿರುಗಿ ನೋಡಿ ನಕ್ಕುಬಿಟ್ಟರು. ನನ್ನಿಂದ ಏನು ತಪ್ಪಾಯಿತು? ಹೊರಗಿನವಳಾದ ನಾನು ಈ ಭಾಷೆ ಕಲಿಯಬಹುದೇ? ಕಲಿಯುವುದಾದರೆ ಎಲ್ಲಿಂದ ಶುರು ಮಾಡಲಿ?

ಉತ್ತರ: ಅಜ್ಜಿಯ ನಗುವಿನಿಂದಲೇ ಶುರು ಮಾಡೋಣ. ಕನ್ನಡದಲ್ಲಿ ಹಿರಿಯರನ್ನು ‘ನೀನು’ ಅನ್ನುವುದಿಲ್ಲ. ಒಬ್ಬರೇ ಇದ್ದರೂ ‘ನೀವು’ ಅಂದರೇ ಮರ್ಯಾದೆ. ಚೆರೋಕೀಯಲ್ಲಿ ಬಹುವಚನಕ್ಕೆ ಆ ಕೆಲಸವಿಲ್ಲ. ಅಲ್ಲಿ ಲೆಕ್ಕವೆಂದರೆ ಲೆಕ್ಕ: ಒಬ್ಬರು, ಇಬ್ಬರು, ಇಬ್ಬರಿಗಿಂತ ಹೆಚ್ಚು ಜನ. ‘ದೊನದಗೊಹಂಇ’ ಎಂದರೆ ‘ನಾವಿಬ್ಬರೂ ಮತ್ತೆ ಸಿಗೋಣ’, ‘ದೊದದಗೊಹಂಇ’ ಎಂದರೆ ‘ನಾವೆಲ್ಲರೂ ಮತ್ತೆ ಸಿಗೋಣ’. ಎರಡನೇ ಅಕ್ಷರ ‘ನ’ ಆದರೆ ಎದುರಿಗಿರುವವರು ಒಬ್ಬರು, ‘ದ’ ಆದರೆ ಹಲವರು. ಅಜ್ಜಿ ಒಬ್ಬರೇ ಇದ್ದರು, ನೀವು ಗುಂಪಿಗೆ ಹೇಳುವ ಮಾತು ಹೇಳಿದಿರಿ, ತಮ್ಮ ಹಿಂದೆ ಇನ್ಯಾರಿದ್ದಾರೆ ಎಂದು ಅವರು ತಿರುಗಿ ನೋಡಿದರು. ಅವಮಾನವೇನೂ ಆಗಿಲ್ಲ. ಹಿರಿಯರಿಗೂ ಏಕವಚನವನ್ನೇ ಹೇಳಿ. ಕನ್ನಡದ ನಾಲಿಗೆಗೆ ಇದು ಮೊದಮೊದಲು ಕಸಿವಿಸಿ, ಆದರೆ ಚೆರೋಕೀಯಲ್ಲಿ ಅದೇ ಸರಿ.

ಕಲಿಯಬಹುದೇ ಎಂಬುದಕ್ಕೆ ಉತ್ತರ ಚಿಕ್ಕದು: ಕಲಿಯಬಹುದು. ಟಾಲೆಕ್ವಾದಲ್ಲಿ ಕೇಂದ್ರವಿರುವ ಚೆರೋಕೀ ನೇಷನ್ (ಅಲ್ಲಿನ ಚೆರೋಕೀ ಜನರದೇ ಸರ್ಕಾರ) ತಾನೇ ಉಚಿತ ಆನ್‌ಲೈನ್ ತರಗತಿ ನಡೆಸುತ್ತದೆ. ಮನೆಮಾತಾಗಿ ಈ ಭಾಷೆ ಬರುವವರು 2019ರ ಹೊತ್ತಿಗೆ ಸುಮಾರು 2,000 ಮಂದಿ ಇದ್ದರು, ಅವರಲ್ಲಿ ಬಹುಪಾಲು ವಯಸ್ಸಾದವರು. ಆ ವರ್ಷವೇ ಚೆರೋಕೀ ಜನರ ಮೂರು ಸರ್ಕಾರಗಳು ಸೇರಿ ಭಾಷೆ ತುರ್ತು ಪರಿಸ್ಥಿತಿಯಲ್ಲಿದೆ ಎಂದು ಘೋಷಿಸಿದವು. ಹಾಗಾಗಿ ‘ಸತ್ತ ಭಾಷೆ’ ಎನ್ನುವುದೂ ಸುಳ್ಳು, ‘ಹೊರಗಿನವರಿಗೆ ಬಾಗಿಲು ಮುಚ್ಚಿದೆ’ ಎನ್ನುವುದೂ ಸುಳ್ಳು. ಒಂದು ಗೆರೆ ಮಾತ್ರ ಇದೆ. ನಾಟಿ ವೈದ್ಯದ ಮಂತ್ರಗಳು, ಆಚರಣೆಯ ಪಠ್ಯಗಳು ಇದೇ ಲಿಪಿಯಲ್ಲಿ ಬರೆದಿಟ್ಟಿದ್ದರೂ ಅವು ಕಲಿಯುವವರ ಪಾಠಕ್ಕಲ್ಲ. ಕೇಳಲೂ ಹೋಗಬೇಡಿ. ಇನ್ನೊಂದು ವಿಷಯ: ವಸತಿ ಶಾಲೆಗಳಲ್ಲಿ ಈ ಭಾಷೆ ಆಡಿದ್ದಕ್ಕೆ ಮಕ್ಕಳಿಗೆ ಶಿಕ್ಷೆ ಕೊಡುತ್ತಿದ್ದ ಕಾಲವಿತ್ತು. ಆ ನೆನಪಿರುವ ಮನೆಯ ಹಿರಿಯರು ಕೆಲವೊಮ್ಮೆ ಹೊರಗಿನವರ ಎದುರು ಉತ್ತರವನ್ನು ಇಂಗ್ಲಿಷಿನಲ್ಲೇ ಕೊಡುತ್ತಾರೆ. ಬಲವಂತ ಬೇಡ.

ಈಗ ಲಿಪಿಯ ವಿಷಯ. 85 ಅಕ್ಷರ ಬಂದರೂ ಅರ್ಥ ಬರಲಿಲ್ಲ ಎಂದರೆ ನಿಮ್ಮಲ್ಲಿ ಕೊರತೆಯಿಲ್ಲ, ಆ ಲಿಪಿ ಹುಟ್ಟಿದ ರೀತಿಯೇ ಹಾಗೆ. ಸಿಕ್ವೋಯಾ ಎಂಬ ಬೆಳ್ಳಿ ಕೆಲಸಗಾರ, ಇಂಗ್ಲಿಷ್ ಓದು ಬರಹ ಬಾರದವನು, ಸುಮಾರು 1821ರ ಹೊತ್ತಿಗೆ ಇದನ್ನು ಪೂರ್ತಿ ಮಾಡಿದ. ಆಗ 86 ಅಕ್ಷರಗಳಿದ್ದವು, ಒಂದು ಆಮೇಲೆ ಬಳಕೆ ತಪ್ಪಿತು. 1825ರಲ್ಲಿ ಚೆರೋಕೀ ನೇಷನ್ ಒಪ್ಪಿಕೊಂಡಿತು, 1828ರ ಫೆಬ್ರವರಿಯಲ್ಲಿ ‘ಚೆರೋಕೀ ಫೀನಿಕ್ಸ್’ ಪತ್ರಿಕೆ ಈ ಲಿಪಿಯಲ್ಲೂ ಇಂಗ್ಲಿಷಿನಲ್ಲೂ ಅಚ್ಚಾಯಿತು. ಜನ ಇದನ್ನು ಬಹಳ ಬೇಗ ಕಲಿತರು, ಏಕೆಂದರೆ ಅವರಿಗೆ ಭಾಷೆ ಮೊದಲೇ ಗೊತ್ತಿತ್ತು. ಬರಹ ಸುಳಿವು ಕೊಟ್ಟರೆ ಸಾಕಿತ್ತು, ಉಳಿದಿದ್ದನ್ನು ಕಿವಿ ತುಂಬಿಕೊಳ್ಳುತ್ತಿತ್ತು. ನಾವು ವಾಟ್ಸ್‌ಆ್ಯಪ್‌ನಲ್ಲಿ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದಾಗ ‘ಕಾಲು’, ‘ಕಾಳು’ ಎರಡೂ ಒಂದೇ ಸ್ಪೆಲಿಂಗ್ ಆಗುತ್ತವೆ. ಕನ್ನಡ ಬಲ್ಲವರಿಗೆ ತೊಂದರೆಯಿಲ್ಲ, ಹೊಸದಾಗಿ ಕಲಿಯುವವರು ಕಂಗಾಲು. ನೀವು ಈಗ ಆ ಹೊಸಬರ ಜಾಗದಲ್ಲಿದ್ದೀರಿ.

ಲಿಪಿ ಏನೇನು ಬಿಡುತ್ತದೆ? ಹ್ರಸ್ವ ದೀರ್ಘ ತೋರಿಸುವುದಿಲ್ಲ. ದನಿಯ ಏರಿಳಿತ ತೋರಿಸುವುದಿಲ್ಲ, ಮತ್ತು ಚೆರೋಕೀಯಲ್ಲಿ ಏರಿಳಿತ ಬದಲಾದರೆ ಅರ್ಥವೇ ಬದಲಾಗಬಹುದು. ಒಕ್ಲಹೋಮಾ ಚೆರೋಕೀಯಲ್ಲಿ ಇಂಥ ಏರಿಳಿತ ಆರು ಬಗೆ. ‘ಅಮ’ ಎಂದು ಬರೆದರೆ ನೀರೂ ಹೌದು, ಉಪ್ಪೂ ಹೌದು. ಸ್ವರದ ಉದ್ದ ಮತ್ತು ಏರಿಳಿತದಿಂದಲೇ ಯಾವುದೆಂದು ತಿಳಿಯಬೇಕು. ಗಂಟಲು ಕಟ್ಟುವ ಸದ್ದನ್ನೂ ಲಿಪಿ ತೋರಿಸುವುದಿಲ್ಲ. ಬೇಡ ಎನ್ನಲು ನಾವು ಬಾಯಿ ಮುಚ್ಚಿಕೊಂಡೇ ‘ಉಂ-ಉಂ’ ಅನ್ನುತ್ತೇವಲ್ಲ, ಆ ಎರಡರ ನಡುವೆ ಉಸಿರು ತಡೆಯುವ ಜಾಗವೇ ಅದು. ಮಹಾಪ್ರಾಣವನ್ನು ಅಲ್ಲೊಂದು ಇಲ್ಲೊಂದು ಕಡೆ ಮಾತ್ರ ಬೇರೆ ಮಾಡುತ್ತದೆ: ಗ ಮತ್ತು ಖಗೆ ಬೇರೆ ಅಕ್ಷರ ಇದೆ, ಗೊ ಮತ್ತು ಖೊಗೆ ಒಂದೇ. ‘ಸ್’ ಒಂದನ್ನು ಬಿಟ್ಟರೆ ಒತ್ತಕ್ಷರದಂಥ ಉಪಾಯವೂ ಇಲ್ಲ. ಎರಡು ವ್ಯಂಜನ ಕೂಡಿದಲ್ಲಿ ಸುಮ್ಮನೆ ಒಂದು ಸ್ವರ ಸೇರಿಸಿ ಬರೆದಿರುತ್ತಾರೆ, ಓದುವಾಗ ಅದು ಬಾಯಿಗೆ ಬರುವುದಿಲ್ಲ. ಆಡುಮಾತಿನಲ್ಲಿ ಪದದ ಕೊನೆಯ ಸ್ವರ ಬಿದ್ದುಹೋಗುವುದೂ ಸಾಮಾನ್ಯ. ‘ದೊನದಗೊಹಂಇ’ ನಿಮ್ಮ ಕಿವಿಗೆ ಬೀಳುವುದು ‘ದೊನದಗೊಹಂ’ ಎಂದು.

ಅಕ್ಷರಗಳ ಆಕಾರ ಇಂಗ್ಲಿಷಿನಂತಿದೆ, ಆದ್ದರಿಂದ ಸುಲಭ ಎನ್ನುವ ಮಾತು ಪೂರ್ತಿ ಉಲ್ಟಾ. ಇಂಗ್ಲಿಷಿನ ‘ಡಿ’ಯಂತೆ ಕಾಣುವುದು ಅ, ‘ಆರ್’ನಂತಿರುವುದು ಎ, ‘ಟಿ’ಯಂತಿರುವುದು ಇ, ‘ಡಬ್ಲ್ಯು’ ಲ, ‘ಎಚ್’ ಮಿ, ‘ಝಡ್’ ನೊ. ಕಣ್ಣು ಮೊದಲು ಇಂಗ್ಲಿಷನ್ನೇ ಓದುತ್ತದೆ, ಅದನ್ನು ಮರೆಯಲು ವಾರಗಳು ಹಿಡಿಯುತ್ತವೆ. ಲಿಪಿಯೊಳಗೇ ಒಂದನ್ನೊಂದು ಹೋಲುವ ಗುಂಪುಗಳೂ ಇವೆ. ‘ಜಿ’ಯಂತೆ ಕಾಣುವ ನಾಲ್ಕು ಅಕ್ಷರಗಳನ್ನು (ಲೊ, ನಹ್, ಜ, ವ) ಒಂದೇ ಹಾಳೆಯಲ್ಲಿ ಪಕ್ಕಪಕ್ಕ ಬರೆದು ವ್ಯತ್ಯಾಸ ಗುರುತು ಹಾಕಿಕೊಳ್ಳಿ, ಬೇರೆ ಬೇರೆ ಕಾರ್ಡಿನಲ್ಲಿ ಕಲಿತರೆ ಬೋರ್ಡಿನ ಮುಂದೆ ತಪ್ಪುತ್ತೀರಿ. ಕನ್ನಡದವರು ಇನ್ನೊಂದು ಕಡೆ ಎಡವುತ್ತಾರೆ. ಕಾಗುಣಿತಕ್ಕೆ ಒಗ್ಗಿದ ನಾವು ಗ, ಗಿ, ಗು ಎಂದರೆ ಮೂಲ ಒಂದೇ, ಗುಣಿತ ಚಿಹ್ನೆ ಬೇರೆ ಎಂದು ಹುಡುಕುತ್ತೇವೆ. ಇಲ್ಲಿ ಹಾಗಿಲ್ಲ. ಪ್ರತಿಯೊಂದೂ ಸ್ವತಂತ್ರ ಆಕಾರ, ಒಂದಕ್ಕೊಂದು ನಂಟಿಲ್ಲ.

ಇನ್ನು ನಾಲಿಗೆ. ಸ್ವರಗಳು ಆರು. ಐದು ನಮ್ಮವೇ: ಅ, ಎ, ಇ, ಒ, ಉ. ಆರನೆಯದು ಬಾಯಿ ಅರ್ಧ ತೆರೆದು ಮೂಗಿನಲ್ಲಿ ಹೇಳುವ ಅ. ಕನ್ನಡ ಲಿಪಿಯಲ್ಲಿ ಅದಕ್ಕೆ ಹೊಂದುವ ಗುರುತಿಲ್ಲವಾದ್ದರಿಂದ ಈ ಉತ್ತರದಲ್ಲಿ ‘ಅಂ’ ಎಂದು ಬರೆದಿದ್ದೇನೆ. ನಮ್ಮ ಅನುಸ್ವಾರದಂತೆ ಕೊನೆಗೆ ತುಟಿ ಮುಚ್ಚಬೇಡಿ, ಮುಂದಿನ ಅಕ್ಷರಕ್ಕೆ ಸಂಧಿಯನ್ನೂ ಮಾಡಬೇಡಿ. ನಾಲ್ಕು ಎನ್ನಲು ‘ನಂಗಿ’ ಎಂದರೆ ನಮ್ಮ ‘ಅಂಗಿ’ಯ ಪ್ರಾಸವಲ್ಲ, ‘ನ’ದಲ್ಲೇ ಮೂಗಿನ ಗಾಳಿ ಮುಗಿದು, ಆಮೇಲೆ ‘ಗಿ’. ರೋಮನ್ ಬರಹದಲ್ಲಿ ಈ ಸ್ವರಕ್ಕೆ ‘ವಿ’ ಅಕ್ಷರ ಹಾಕುತ್ತಾರೆ. ಪದಪಟ್ಟಿ ನೋಡಿ ಕಲಿತ ಭಾರತೀಯರು ‘ಗೊಹ್ವಿ’, ‘ನ್ವಗಿ’ ಎಂದೆಲ್ಲ ಓದುವುದು ಇದರಿಂದಲೇ.

ವ್ಯಂಜನಗಳಲ್ಲಿ ಕನ್ನಡಿಗರಿಗೆ ಲಾಭವಿದೆ. ರೋಮನ್ ಬರಹದ ‘ಡಿ’ ಮತ್ತು ‘ಟಿ’ ನಡುವಿನ ನಿಜವಾದ ವ್ಯತ್ಯಾಸ ದ ಮತ್ತು ತ ನಡುವಿನದಲ್ಲ, ತ ಮತ್ತು ಥ ನಡುವಿನದು. ಎರಡು ಎನ್ನಲು ‘ಥಲಿ’, ಉಸಿರು ಕೈಗೆ ತಾಗಬೇಕು. ನಾವೇ ‘ಕಥೆ’ಯನ್ನು ‘ಕತೆ’ ಅನ್ನುವವರು, ಹಾಗಾಗಿ ಮಹಾಪ್ರಾಣವನ್ನು ಬೇಕೆಂದೇ ಹೇಳಬೇಕು. ನಾಲಿಗೆಯ ತುದಿ ದಕಾರದಂತೆ ಹಲ್ಲಿಗೂ ಅಲ್ಲ, ಡಕಾರದಂತೆ ಮೇಲಕ್ಕೂ ಅಲ್ಲ, ಹಲ್ಲಿನ ಹಿಂದಿನ ವಸಡಿಗೆ. ಪ, ಬ, ಫ ಇಲ್ಲವೇ ಇಲ್ಲ, ರ ಕೂಡ ಇಲ್ಲ. ಚೆರೋಕೀ ಬೈಬಲ್‌ನಲ್ಲಿ ಪೀಟರ್ ‘ಕ್ವಿದ’ ಆಗಿದ್ದಾನೆ, ಪೌಲ ‘ಕ್ವೊಲ’ ಆಗಿದ್ದಾನೆ. ನಿಮ್ಮ ಹೆಸರಿನಲ್ಲಿ ಪ ಅಥವಾ ರ ಇದ್ದರೆ ಅದನ್ನು ನೀವೇ ಲಿಪ್ಯಂತರ ಮಾಡಬೇಡಿ, ಮಾತಾಡುವವರೊಬ್ಬರ ಬಾಯಲ್ಲಿ ಅದು ಏನಾಗುತ್ತದೆ ಎಂದು ಕೇಳಿ ಬರೆದುಕೊಳ್ಳಿ. ಕಷ್ಟದ್ದು ‘ತ್ಲ’: ನಾಲಿಗೆ ತುದಿ ವಸಡಿಗೆ ಒತ್ತಿ ಎರಡೂ ಪಕ್ಕದಿಂದ ಗಾಳಿ ಬಿಡಬೇಕು. ಒಕ್ಲಹೋಮಾದಲ್ಲಿ ಅನೇಕರ ಬಾಯಲ್ಲಿ ಅದು ‘ಹ್ಲ’ ಆಗಿ ಕೇಳುತ್ತದೆ. ‘ಇಲ್ಲ’ ಎನ್ನುವುದಕ್ಕೆ ಅದೇ ಪದ, ಆದ್ದರಿಂದ ಮೊದಲ ದಿನವೇ ಬೇಕು.

ಪದಪಟ್ಟಿಗಳು ತಾಳೆಯಾಗದಿರುವುದಕ್ಕೆ ಕಾರಣ 1838–39ರ ಬಲವಂತದ ವಲಸೆ. ಆಗ ಬಹುಪಾಲು ಜನರನ್ನು ಆಗ್ನೇಯ ಭಾಗದ ತವರಿನಿಂದ ಈಗಿನ ಒಕ್ಲಹೋಮಾಕ್ಕೆ ಅಟ್ಟಿದರು. ಉಳಿದುಕೊಂಡವರ ಮಕ್ಕಳು ಮೊಮ್ಮಕ್ಕಳು ಉತ್ತರ ಕ್ಯಾರೊಲೈನಾದಲ್ಲಿದ್ದಾರೆ, ಅವರ ಉಪಭಾಷೆ ಕಿಟುವಾ. ಅಲ್ಲಿ ‘ಸ್ಗಿ’, ನಿಮ್ಮ ಕಡೆ ‘ವದೊ’. ಭಾಷೆಯ ಹೆಸರನ್ನೇ ಅಲ್ಲಿ ‘ಟ್ಸಲಗಿ’ ಎನ್ನುತ್ತಾರೆ, ಒಕ್ಲಹೋಮಾದಲ್ಲಿ ‘ಜಲಗಿ’. ಎರಡೂ ಸರಿ. ನೀವು ಟಲ್ಸಾದಲ್ಲಿರುವುದರಿಂದ ಒಕ್ಲಹೋಮಾದ್ದನ್ನೇ ಹಿಡಿಯಿರಿ, ಮೊದಲ ವರ್ಷ ಇನ್ನೊಂದನ್ನು ಬೆರೆಸಬೇಡಿ. ಯಾವ ಊರಿನ ಮಾತು ಎಂದು ಹೇಳದ ಪಟ್ಟಿಯನ್ನು ಪಕ್ಕಕ್ಕಿಡಿ.

ಆದರೆ ಸರಿಯಾದ ಪಟ್ಟಿ ಸಿಕ್ಕರೂ ಪದ ಉರುಹೊಡೆದು ಈ ಭಾಷೆ ಬರುವುದಿಲ್ಲ. ನನ್ನ ಮಟ್ಟಿಗೆ ಹೊಸಬರು ಮಾಡುವ ದೊಡ್ಡ ತಪ್ಪು ಇದೇ. ಚೆರೋಕೀಯಲ್ಲಿ ವಾಕ್ಯದ ಭಾರವೆಲ್ಲ ಕ್ರಿಯಾಪದದ ಮೇಲೆ. ಯಾರು, ಎಷ್ಟು ಜನ, ಯಾವಾಗ, ಕಣ್ಣಾರೆ ಕಂಡದ್ದೇ ಅಲ್ಲವೇ, ಎಲ್ಲವೂ ಒಂದೇ ಪದದೊಳಗೆ. ‘ಗವೊನಿಹ’ ಎಂದರೆ ಅವನು ಅಥವಾ ಅವಳು ಮಾತಾಡುತ್ತಿದ್ದಾರೆ (ಲಿಂಗಭೇದ ಇಲ್ಲ). ‘ಜಿವೊನಿಹ’ ನಾನು, ‘ಹಿವೊನಿಹ’ ನೀನು, ‘ಅನಿವೊನಿಹ’ ಅವರು. ‘ನಾವು’ ಮಾತ್ರ ನಾಲ್ಕು: ನೀನೂ ನಾನೂ ಆದರೆ ‘ಇನಿವೊನಿಹ’, ನಿನ್ನನ್ನು ಬಿಟ್ಟು ಇನ್ನೊಬ್ಬರೂ ನಾನೂ ಆದರೆ ‘ಒಸ್ದಿವೊನಿಹ’, ನೀವೂ ಸೇರಿ ಎಲ್ಲರೂ ಆದರೆ ‘ಇದಿವೊನಿಹ’, ನಿಮ್ಮನ್ನು ಬಿಟ್ಟು ನಾವೆಲ್ಲ ಆದರೆ ‘ಒಜಿವೊನಿಹ’. ಕನ್ನಡದ ‘ನಾವು’ ಈ ಭೇದ ಮಾಡುವುದಿಲ್ಲ, ತೆಲುಗಿನ ‘ಮನಮು’, ‘ಮೇಮು’ ಮಾಡುತ್ತವೆ. ತೆಲುಗು ಬಲ್ಲವರಿಗೆ ಅರ್ಧ ದಾರಿ ಸವೆದಂತೆ. ಅಜ್ಜಿಗೆ ಹೇಳಿದ ಮಾತಿನ ನ ಮತ್ತು ದ ಬಂದದ್ದು ಇದೇ ‘ಇನಿ’, ‘ಇದಿ’ಗಳಿಂದ.

ಭೂತಕಾಲಕ್ಕೆ ಬಂದರೆ ಪದದ ಮೊದಲಲ್ಲಿ ಬರುವ ಪ್ರತ್ಯಯವೇ ಬದಲು. ‘ಉವೊನಿಸಂಇ’ ಎಂದರೆ ಮಾತಾಡಿದರು, ನಾನು ಕಂಡಿದ್ದೇನೆ; ‘ಉವೊನಿಸೆಇ’ ಎಂದರೆ ಮಾತಾಡಿದರಂತೆ. ಈ ‘ಅಂತೆ’ ನಮಗೆ ನೀರು ಕುಡಿದಷ್ಟು ಸುಲಭ, ಇಂಗ್ಲಿಷ್ ಮಾತ್ರ ಬಲ್ಲವರು ಇಲ್ಲಿ ತಿಂಗಳುಗಟ್ಟಲೆ ಒದ್ದಾಡುತ್ತಾರೆ. ಗ ಹೋಗಿ ಉ ಬಂದದ್ದನ್ನು ಗಮನಿಸಿ: ಪ್ರತ್ಯಯಗಳು ಎರಡು ಸೆಟ್, ಇದು ಎರಡನೆಯ ಸೆಟ್ಟಿನದು. ಕೆಲವು ಕ್ರಿಯಾಪದಗಳು ವರ್ತಮಾನದಲ್ಲೂ ಎರಡನೇ ಸೆಟ್ಟನ್ನೇ ಹಿಡಿಯುತ್ತವೆ. ‘ಅಗಿಯೊಸಿಹ’, ನನಗೆ ಹಸಿವು. ‘ಅಗ್ವದುಲಿಹ’, ನನಗೆ ಬೇಕು. ಕನ್ನಡದಲ್ಲಿ ‘ನನಗೆ’ ಬರುವ ಕಡೆಯಲ್ಲೆಲ್ಲ ಇದೇ ಎಂದು ಸೂತ್ರ ಮಾಡಿಕೊಳ್ಳಬೇಡಿ, ಒಂದೊಂದನ್ನೂ ನಿಘಂಟಿನಲ್ಲಿ ನೋಡಿಯೇ ಕಲಿಯಬೇಕು.

ನಿಮ್ಮ ಕೆಲಸಕ್ಕೆ ನೇರ ಬೇಕಾಗುವ ಒಂದು ಅಂಶ: ‘ಅವರಿಗೆ ಕೊಡು’ ಎನ್ನಲು ಒಂದೇ ಕ್ರಿಯಾಪದವಿಲ್ಲ, ಕೊಡುವ ವಸ್ತು ಎಂಥದ್ದು ಎಂಬುದರ ಮೇಲೆ ಐದಿವೆ. ಊರುಗೋಲಿನಂಥ ಉದ್ದನೆಯ ಗಟ್ಟಿ ವಸ್ತುವಾದರೆ ‘ಹಿದಿಸಿ’. ಟವೆಲ್ಲಿನಂತೆ ಮಡಚುವಂಥದ್ದಾದರೆ ‘ಹಿನಂಸಿ’. ಕಪ್ಪಿನಲ್ಲಿರುವ ನೀರಾದರೆ ‘ಹಿನೆಅಂಸಿ’. ಚೆಂಡಿನಂಥ ಗಟ್ಟಿ ಉಂಡೆಯಾದರೆ ‘ಹಿಅಂಸಿ’. ಮಗುವೋ ಬೆಕ್ಕೋ ಆದರೆ, ಜೀವ ಇರುವುದರಿಂದ, ‘ಹಿಖಸಿ’. ಪದಪಟ್ಟಿಯಲ್ಲಿ ‘ಕೊಡು’ ಎಂದು ಒಂದೇ ಪದ ಬರೆದಿದ್ದರೆ ಅದು ಐದರಲ್ಲಿ ಯಾವುದೋ ಒಂದು.

ಹಾಗಾದರೆ ಹೇಗೆ ಕಲಿಯುವುದು? ಡರ್ಬಿನ್ ಫೀಲಿಂಗ್ ಅವರ 1975ರ ಚೆರೋಕೀ–ಇಂಗ್ಲಿಷ್ ನಿಘಂಟು ಪ್ರತಿ ಕ್ರಿಯಾಪದಕ್ಕೂ ಆರು ರೂಪ ಕೊಡುತ್ತದೆ: ಅವನು ಮಾಡುತ್ತಿದ್ದಾನೆ, ನಾನು ಮಾಡುತ್ತಿದ್ದೇನೆ, ಅವನು ಮಾಡಿದ, ಅವನು ಆಗಾಗ ಮಾಡುತ್ತಾನೆ, ನೀನು ಮಾಡು, ಅವನು ಮಾಡಬೇಕಾದದ್ದು. ಈ ಆರು ಗೊತ್ತಿದ್ದರೆ ಉಳಿದವನ್ನು ಕಟ್ಟಿಕೊಳ್ಳಬಹುದು. ಒಂದೇ ರೂಪ ಗೊತ್ತಿದ್ದರೆ ಏನೂ ಕಟ್ಟಲಾಗುವುದಿಲ್ಲ. ವಾರಕ್ಕೆ ಎರಡು ಕ್ರಿಯಾಪದ, ಆರಾರು ರೂಪ, ಅಷ್ಟು ಸಾಕು. ಆ ನಿಘಂಟಿನ ಗುರುತುಗಳಲ್ಲಿ ಒಂದು ನಮ್ಮನ್ನು ದಾರಿ ತಪ್ಪಿಸುತ್ತದೆ: ಗುರುತಿಲ್ಲದ ಸ್ವರ ದೀರ್ಘ, ಕೆಳಗೆ ಚುಕ್ಕೆ ಇದ್ದರೆ ಹ್ರಸ್ವ. ಸ್ವರದ ಮೇಲಿನ ಅಂಕಿಗಳು ಏರಿಳಿತದ್ದು. 2 ಎಂದರೆ ತಗ್ಗು, 3 ಎಂದರೆ ಎತ್ತರ, 23 ಏರು, 32 ಇಳಿ.

ನೋಟುಬುಕ್ಕಿನಲ್ಲಿ ಮೂರು ಸಾಲು ಇಟ್ಟುಕೊಳ್ಳಿ. ಮೇಲೆ ಚೆರೋಕೀ ಲಿಪಿ, ಅದರ ಕೆಳಗೆ ಕನ್ನಡ ಲಿಪಿಯಲ್ಲಿ ಉಚ್ಚಾರ, ಅದರ ಕೆಳಗೆ ಏರಿಳಿತದ ಅಂಕಿ. ರೋಮನ್ ಬೇಡ. ದೀರ್ಘವನ್ನೂ ಮಹಾಪ್ರಾಣವನ್ನೂ ಕನ್ನಡ ಲಿಪಿ ಇಂಗ್ಲಿಷಿಗಿಂತ ನಿಖರವಾಗಿ ಹಿಡಿಯುತ್ತದೆ, ಸಿಕ್ಕ ಅನುಕೂಲವನ್ನು ಯಾಕೆ ಬಿಡಬೇಕು? ಎರಡನೇ ಸಾಲನ್ನು ಮಾತ್ರ ಬರಹ ನೋಡಿ ತುಂಬಬೇಡಿ, ಧ್ವನಿ ಕೇಳಿ ತುಂಬಿ. ಒಂದೇ ಪದವನ್ನು ಇಬ್ಬರ ಬಾಯಲ್ಲಿ ಕೇಳುವವರೆಗೆ ಪೆನ್ಸಿಲ್ಲಿನಲ್ಲೇ ಇರಲಿ. ಧ್ವನಿಗೆ ಚೆರೋಕೀ ನೇಷನ್‌ನ ‘ಒಸಿಯೊ ಟಿವಿ’ಯ ಭಾಷಾ ಪಾಠಗಳಿವೆ, ‘ಚೆರೋಕೀ ವಾಯ್ಸಸ್, ಚೆರೋಕೀ ಸೌಂಡ್ಸ್’ ಎಂಬ ರೇಡಿಯೋ ಕಾರ್ಯಕ್ರಮವಿದೆ.

ಕಲಿಯುವ ದಾರಿಗಳಲ್ಲಿ ಆನ್‌ಲೈನ್ ತರಗತಿ ಮೊದಲ ಆಯ್ಕೆ. ತಿದ್ದುವ ಮನುಷ್ಯ ಎದುರಿಗಿರುತ್ತಾರೆ. ತೊಂದರೆ ಎಂದರೆ ವಾರದ ಗಂಟೆಗಳು ಕಡಿಮೆ, ಮನೆಯಲ್ಲಿ ಅಭ್ಯಾಸ ಮಾಡದಿದ್ದರೆ ಹರಟೆಯಾಗಿ ಮುಗಿಯುತ್ತದೆ. ಹೋಮ್ಸ್ ಮತ್ತು ಸ್ಮಿತ್ ಅವರ ‘ಬಿಗಿನಿಂಗ್ ಚೆರೋಕೀ’ ಪುಸ್ತಕ 1976ರದ್ದು, ಅಕ್ಷರ ಮತ್ತು ವಾಕ್ಯರಚನೆಗೆ ಒಳ್ಳೆಯದೇ, ಆದರೆ ಅದೊಂದನ್ನೇ ನಂಬಿದರೆ ಏರಿಳಿತ ಕಿವಿಗೆ ಬೀಳುವುದೇ ಇಲ್ಲ. ಫ್ಲ್ಯಾಶ್ ಕಾರ್ಡ್ ಆ್ಯಪ್ ಅಕ್ಷರಕ್ಕೆ ಸರಿ, ಮುಂದಕ್ಕೆ ಸಾಲದು. ಚಾಟ್‌ಬಾಟ್ ಕೇಳಿ ವಾಕ್ಯ ಮಾಡಿಸಿಕೊಳ್ಳುವುದು ಅಪಾಯ. ಕಲಿಯಲು ಸಿಕ್ಕ ಪಠ್ಯವೇ ಕಡಿಮೆಯಾದ್ದರಿಂದ ಪ್ರತ್ಯಯಗಳನ್ನು ಇಲ್ಲದ ರೀತಿಯಲ್ಲಿ ಜೋಡಿಸಿ ಧೈರ್ಯವಾಗಿ ಕೊಡುತ್ತದೆ. ಅದನ್ನು ಹಚ್ಚೆ ಹಾಕಿಸಿಕೊಂಡವರ ಪಾಡು ಹೇಳುವುದು ಬೇಡ. ಹೋಗಿ ಬರಲು ಬಿಡುವಿದ್ದರೆ ಟಾಲೆಕ್ವಾದಲ್ಲಿ ನಾರ್ತ್ಈಸ್ಟರ್ನ್ ಸ್ಟೇಟ್ ಯೂನಿವರ್ಸಿಟಿ ಇದೆ, ಅಲ್ಲಿ ಚೆರೋಕೀ ಕಲಿಸುತ್ತಾರೆ.

ಎಷ್ಟು ಕಾಲ ಬೇಕು ಎಂಬುದಕ್ಕೆ ಒಂದು ಅಳತೆ: ಚೆರೋಕೀ ನೇಷನ್ ತನ್ನ ಪ್ರಜೆಗಳಿಗಾಗಿ ನಡೆಸುವ ಗುರು–ಶಿಷ್ಯ ಕಾರ್ಯಕ್ರಮದಲ್ಲಿ ವಾರಕ್ಕೆ 40 ಗಂಟೆಯಂತೆ ಎರಡು ವರ್ಷ ಭಾಷೆಯಲ್ಲೇ ಮುಳುಗಿಸುತ್ತಾರೆ. ಅಂದರೆ ಸುಮಾರು 4,000 ಗಂಟೆ. ದಿನಕ್ಕೆ ಅರ್ಧ ಗಂಟೆ ಕೊಡುವ ನೀವು ಮೊದಲ ವರ್ಷದ ಕೊನೆಗೆ ಕುಶಲ ಕೇಳಿ, ಉತ್ತರ ಅರ್ಥ ಮಾಡಿಕೊಂಡು, ಹತ್ತಿಪ್ಪತ್ತು ಕ್ರಿಯಾಪದ ಸರಿಯಾಗಿ ಬಳಸುವಂತಾದರೆ ಚೆನ್ನಾಗಿಯೇ ಕಲಿತಂತೆ.

ನಾಳೆಯಿಂದಲೇ ಬಳಸಬಹುದಾದದ್ದು ಇಷ್ಟು: ರೋಗಿ ಬಂದಾಗ ‘ಒಸಿಯೊ’. ‘ಥೊಹಿಜು?’, ಚೆನ್ನಾಗಿದ್ದೀರಾ? ಕೊನೆಯ ‘ಜು’ ಪ್ರಶ್ನೆಯದು, ನಮ್ಮ ‘ಇದ್ದೀರಾ’ದ ಆ ಇದ್ದಂತೆ. ಅವರು ‘ಒಸಿಗ್ವು, ನಿಹಿನ?’ ಎಂದರೆ ಚೆನ್ನಾಗಿದ್ದೇನೆ, ನೀನು? ನೀವೂ ‘ಒಸಿಗ್ವು, ವದೊ’. ಒಬ್ಬರೇ ಇದ್ದರೆ ‘ದೊನದಗೊಹಂಇ’, ಮಗಳೋ ಮೊಮ್ಮಗನೋ ಜೊತೆಗಿದ್ದು ಎಲ್ಲರಿಗೂ ಹೇಳುವಾಗ ‘ದೊದದಗೊಹಂಇ’. ಇಷ್ಟಕ್ಕೇ ನಿಲ್ಲಿಸಿ. ಮೊಣಕಾಲು ಎಷ್ಟು ಮಡಚಬೇಕು, ಯಾವ ಕಾಲಿನ ಮೇಲೆ ಭಾರ ಹಾಕಬಾರದು ಎಂಬಂಥ ಸೂಚನೆಗಳನ್ನು ಕಲಿಕೆಯ ಚೆರೋಕೀಯಲ್ಲಿ ಕೊಡಬೇಡಿ, ಅದಕ್ಕೆ ದುಭಾಷಿಯನ್ನೇ ಕರೆಸಿ.

ಕರ್ನಾಟಕದಲ್ಲಿ ಕೂತು ಆನ್‌ಲೈನ್ ತರಗತಿಗೆ ಸೇರಬೇಕೆನ್ನುವವರಿಗೆ: ಟಾಲೆಕ್ವಾದ ಸಂಜೆ 7 ಗಂಟೆ ಎಂದರೆ ನಮ್ಮ ಮರುದಿನ ಬೆಳಗಿನ 5.30. ನವೆಂಬರ್ ಆರಂಭದಿಂದ ಮಾರ್ಚ್ ಮಧ್ಯದವರೆಗೆ ಅದು 6.30.